ಖಾರದಂಥದ್ದು

"ಖಾರ್ ಕುಣೀ ಘಾತ್ಲಾ?"

ಕಾರಕೂನ ಹೀಗೆ ಕೇಳಿದಾಗ ಸಕ್ಕುಬಾಯಿಯ ಎದೆ ತುಸು ಹಗುರವಾಯಿತು. ಅಡುಗೆಗೆ ಖಾರ ಯಾರು ಹಾಕಿದರು ಎಂದು ಕೇಳುತ್ತಿದ್ದಾನೆ. ಬೆಳಗಿನಿಂದ ಕೇಳಿದ ಪ್ರಶ್ನೆಗಳಲ್ಲಿ ಅಂಜದೆ ಉತ್ತರ ಹೇಳಬಹುದಾದದ್ದು ಇದೊಂದೇ ಎನಿಸಿತು ಅವಳಿಗೆ.

ಸೊಲ್ಲಾಪುರದ ಹತ್ತಿರದ ವಳಸಂಗ ಊರಿನ ಹೊರಗೆ ಬೇವಿನ ಮರಗಳ ಕೆಳಗೆ ಮ್ಯಾಜಿಸ್ಟ್ರೇಟ್ ಸಾಹೇಬರ ಡೇರೆ ಹೊಡೆದಿದ್ದರು. ಮೂವತ್ತೆರಡನೇ ಇಸವಿ, ಫೆಬ್ರುವರಿ ತಿಂಗಳು. ಸಾಹೇಬರು ಗುಜರಾತದ ಕಡೆಯವರು. ಕಾರಕೂನ ಕೊಂಕಣದಿಂದ ಬಂದು ಎರಡು ತಿಂಗಳಾಗಿತ್ತು. ಇಬ್ಬರಿಗೂ ಕನ್ನಡ ಬಾರದು. ಸಕ್ಕುಬಾಯಿಯ ತವರು ಅಕ್ಕಲಕೋಟದ ಪಕ್ಕದ ಹಳ್ಳಿಯಾದ್ದರಿಂದ ಅವಳಿಗೆ ಸಂತೆಯ ಮರಾಠಿ ಬರುತ್ತಿತ್ತು. ಅದೇ ಸಾಕು ಎಂದು ದುಭಾಷಿಯನ್ನು ಕರೆಸಿರಲಿಲ್ಲ.

"ಮೀಚ್ ಘಾತ್ಲಾ ಜೀ," ಎಂದಳು. ನಾನೇ ಹಾಕಿದೆ.

ಬರೆಯುತ್ತಿದ್ದ ಕಾರಕೂನನ ಟಾಕು ನಿಂತಿತು. ಅವನು ಸಾಹೇಬರ ಮುಖ ನೋಡಿದ. ಎಷ್ಟು ಹಾಕಿದೆ ಎಂದು ಕೇಳಿದ. ಎರಡು ಮುಷ್ಟಿ ಎಂದಳು. ಗೊತ್ತಿದ್ದೇ ಹಾಕಿದೆಯಾ? ಗೊತ್ತಿಲ್ಲದೆ ಯಾರು ಹಾಕುತ್ತಾರೆ ಎಂದಳು. ಯಾರಾದರೂ ಹಾಕು ಎಂದು ಹೇಳಿಕೊಟ್ಟಿದ್ದರೇ? ಯಾರೂ ಇಲ್ಲ, ಯಾವಾಗಲೂ ನಾನೇ ಹಾಕುವುದು, ಮಾವನವರ ಸಲುವಾಗಿ ಅಂದು ಒಂದು ಮುಷ್ಟಿ ಹೆಚ್ಚಿಗೇ ಹಾಕಿದ್ದೆ ಎಂದಳು. ಖಾರ ಕಡಿಮೆಯಾದರೆ ಮಾವ ಸಾಯಬಣ್ಣ ತಾಟು ತಳ್ಳಿಬಿಡುತ್ತಿದ್ದ ಎಂಬುದನ್ನೂ ಹೇಳಬೇಕೆಂದಿದ್ದಳು. ಆದರೆ ತಳ್ಳುವುದಕ್ಕೆ ಮರಾಠಿಯಲ್ಲಿ ಏನನ್ನುತ್ತಾರೋ ಆ ಗಳಿಗೆಗೆ ನೆನಪಾಗಲಿಲ್ಲ.

ಡೇರೆಯ ಬಾಗಿಲಲ್ಲಿದ್ದ ಪೊಲೀಸ್ ಫೌಜದಾರ ಎರಡು ಹೆಜ್ಜೆ ಒಳಗೆ ಬಂದು ಅವಳ ಹಿಂದೆ ನಿಂತ. ಅವಳ ಹೆಬ್ಬೆರಳಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದರು. ಏನೋ ತಪ್ಪಿದೆ ಎಂದು ಆಗ ಅವಳಿಗೆ ಗೊತ್ತಾಯಿತು. ಏನು ತಪ್ಪಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಅವಳನ್ನು ಹೊರಗೆ ಕರೆದುಕೊಂಡು ಹೋಗುವಾಗ, ಮರದ ಕೆಳಗೆ ಕೂತಿದ್ದ ಗಂಡ ಸಿದ್ದಣ್ಣ ಎದ್ದು ನಿಂತು ಹಿಂದಕ್ಕೆ ಸರಿದ. ಹಾವು ಹಾದುಹೋಗಲಿ ಎಂದು ಸರಿಯುವಂತೆ ಸರಿದ.

*

ನಡೆದದ್ದು ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ದಿನ.

ಆ ದಿನ ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ. ಸಾಯಬಣ್ಣನ ಮನೆಯವರೂ ಗಾಡಿ ಕಟ್ಟಿಕೊಂಡು ಹೋಗಿದ್ದರು. ಜೋಳದ ಕಣಿಕೆಯಿಂದ ಪುಟ್ಟ ಗುಡಿಸಲಿನಂಥ ಕೊಪ್ಪಿ ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಹೊಲದ ಸುತ್ತ ಭೂತಾಯಿಯ ಎಡೆಯೆಂದು ಚರಗ ಚೆಲ್ಲಿ ಊಟಕ್ಕೆ ಕೂತರು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ. ಎಲ್ಲಕ್ಕಿಂತ ಮುಖ್ಯವಾದದ್ದು ಭಜ್ಜಿ. ಹೊಲದಲ್ಲಿ ಸಿಕ್ಕ ಕಾಳು, ಕಾಯಿ, ಸೊಪ್ಪೆಲ್ಲ ಕೂಡಿಸಿ ಕುದಿಸಿದ್ದು. ಅತ್ತೆ ಗುರಮ್ಮನಿಗೆ ಹಲ್ಲಿಲ್ಲ. ಅವಳು ಅಂಬಲಿಯನ್ನಷ್ಟೇ ಕುಡಿದಳು. ಸಕ್ಕುಬಾಯಿ ಬಡಿಸುತ್ತಿದ್ದಳು. ಸಾಯಬಣ್ಣ ಮೂರು ಸಲ ಭಜ್ಜಿ ಹಾಕಿಸಿಕೊಂಡ. ಸಿದ್ದಣ್ಣ ಒಂದು ಸಲ.

ಅವಳು ತಾಟು ಹಾಕಿಕೊಂಡು ಕೂರುವ ಹೊತ್ತಿಗೆ ಮಾವ ನೀರು ಕೇಳಿದ. ಕೊಟ್ಟಳು. ಮತ್ತೆ ಕೇಳಿದ. ತಂಬಿಗೆ ಎತ್ತಿ ಕುಡಿದರೂ ಗಂಟಲು ಒಣಗುತ್ತದೆ ಎಂದ. ಮುಖ ಬೆಂಕಿಯ ಮುಂದೆ ಕೂತವನಂತೆ ಕೆಂಪಾಗಿತ್ತು. ಆಮೇಲೆ ನಗತೊಡಗಿದ. ಕೋಪಿಷ್ಠ ಮನುಷ್ಯ, ಅವನು ಹಾಗೆ ನಕ್ಕದ್ದನ್ನು ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಅವಳು ನೋಡಿರಲಿಲ್ಲ. ನಗುತ್ತಲೇ ಬೆರಳ ತುದಿಯಿಂದ ಇಲ್ಲದ ನೂಲನ್ನು ಎಳೆಯತೊಡಗಿದ. ಎಳೆದೆಳೆದು ಮೊಣಕೈಗೆ ಸುತ್ತಿಕೊಂಡ. "ಹಿಡಿ, ತುದಿ ಹಿಡಿ," ಎಂದು ಸೊಸೆಗೆ ಹೇಳಿದ. ಕಣ್ಣಿನ ಕಪ್ಪು ಹರಡಿ ಕಣ್ಣೆಲ್ಲ ಕಪ್ಪೇ ಆಗಿತ್ತು. ಆ ಕಣ್ಣುಗಳು ಅವಳನ್ನು ನೋಡುತ್ತಿದ್ದವು, ಆದರೆ ಅವಳು ಯಾರೆಂದು ಅವಕ್ಕೆ ಗೊತ್ತಿರಲಿಲ್ಲ. ಸುತ್ತ ಬಿಳಿ ಬಿಸಿಲು. ಪಕ್ಕದ ಹೊಲದವರು ಹಾಡುತ್ತಿದ್ದರು. ಸಿದ್ದಣ್ಣ ಎದ್ದು ಇಲ್ಲದ ಎತ್ತುಗಳನ್ನು ಹೊಡೆಯುತ್ತ ಕುಸುಬಿಯ ಮುಳ್ಳೊಳಗೆ ಓಡಿದ.

ಸಿದ್ದಣ್ಣ ಮೂರನೆಯ ದಿನ ಸುಧಾರಿಸಿದ. ಅವನಿಗೆ ಏನೂ ನೆನಪಿರಲಿಲ್ಲ. ಸಾಯಬಣ್ಣ ಮರುದಿನ ಬೆಳಿಗ್ಗೆ ತೀರಿಕೊಂಡ.

ಅಡುಗೆ ಮಾಡಿದವಳು ಉಂಡಿಲ್ಲ ಎಂದು ಊರು ಮೊದಲು ಮಾತಾಡಿತು. ಮುದುಕ ಪಂಚಮಿಗೆ ಅವಳನ್ನು ತವರಿಗೆ ಕಳಿಸಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು. "ಈ ಮುದುಕ ಇರೋತನ ನನಗ ತವರಿಲ್ಲ" ಎಂದು ಅವಳು ಬಾವಿಯ ಹತ್ತಿರ ಅತ್ತದ್ದನ್ನು ಇಬ್ಬರು ಹೆಂಗಸರು ಕೇಳಿದ್ದರು. ಪೊಲೀಸರು ಬಂದು ಅಡುಗೆಮನೆಯಲ್ಲಿ ಹುಡುಕಿ, ಗೋಡೆಯ ಗೂಡಿನಲ್ಲಿದ್ದ ಒಂದು ಪುಡಿಕೆ ಒಯ್ದರು. ಅದರಲ್ಲಿದ್ದದ್ದು ಹಪ್ಪಳಕ್ಕೆ ಹಾಕುವ ಪಾಪಡಖಾರ, ಬೂದು ಬಣ್ಣದ ಪುಡಿ. ಹೆಣದ ಹೊಟ್ಟೆಯಲ್ಲಿದ್ದದ್ದನ್ನು ಬರಣಿಯಲ್ಲಿಟ್ಟು ಮೊಹರು ಮಾಡಿ ಮುಂಬಯಿಗೆ ಪರೀಕ್ಷೆಗೆ ಕಳಿಸಿದರು. ಒಂದು ತಿಂಗಳ ಮೇಲೆ ಅಲ್ಲಿಂದ ಇಂಗ್ಲಿಷಿನಲ್ಲಿ ವರದಿ ಬಂತು. ಖಟ್ಲೆಯ ಕಾಗದವೆಲ್ಲ ಮರಾಠಿಯಲ್ಲಿ ಇರಬೇಕಾದ್ದರಿಂದ ಕಾರಕೂನ ಅದನ್ನು ಮರಾಠಿಗೆ ಇಳಿಸಿದ; ಸಾಹೇಬರು ಓದಿದ್ದೂ ಅದನ್ನೇ. ಆ ಮರಾಠಿಯಲ್ಲಿ, ಸತ್ತವನ ಹೊಟ್ಟೆಯಲ್ಲಿ ಖಾರ ಸಿಕ್ಕಿದೆ ಎಂದಿತ್ತು.

*

ಸೊಲ್ಲಾಪುರದಲ್ಲಿ ಅವಳನ್ನಿಟ್ಟ ಕೋಣೆಯ ಕಿಟಕಿ ತಲೆಯಿಂದ ಮೇಲಿತ್ತು. ಮೂರನೆಯ ದಿನ ಅಣ್ಣ ನಿಂಗಣ್ಣ ಬಂದ. ಅಕ್ಕಲಕೋಟದಿಂದ ನಡೆದು, ಗಾಡಿ ಹತ್ತಿ, ಮತ್ತೆ ನಡೆದು ಬಂದಿದ್ದ. ಸರಳಿನ ಆಚೆ ನಿಂತು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ಯಾಕ ಹಾಕ್ದಿ ಸಕ್ಕೂ?" ಎಂದ.

"ಏನ್ ಹಾಕೀನಿ?"

"ಖಾರ. ನೀನಽ ಹಾಕೀನಿ ಅಂತ ಹೆಬ್ಬಟ್ಟ ಒತ್ತೀದಿ."

"ಖಾರ ಹಾಕಲಾರದ ಭಜ್ಜಿ ಮಾಡ್ತಾರೇನಣ್ಣಾ? ಎಲ್ಲಾರ ಹೊಟ್ಯಾಗೂ ಖಾರ ಇರ್ತದ."

ನಿಂಗಣ್ಣ ಅವಳನ್ನು ದಿಟ್ಟಿಸಿ ನೋಡಿದ. "ಮೆಣಸಿನಕಾಯಿ ಖಾರ ಅಲ್ಲವಾ. ಅವರ ಮಾತಿನಾಗ ಖಾರ ಅಂದ್ರ ಬಟ್ಟಿ ಒಗಿಯೋ ಸಜ್ಜೀಖಾರ, ಪಾಪಡಖಾರ. ಅದನ್ನ ಹಾಕಿ ಕೊಂದೀದಿ ಅಂತ ಬರಕೊಂಡಾರ."

ಅವಳು ನೆಲಕ್ಕೆ ಕೂತುಬಿಟ್ಟಳು. ಸಂತೆಯಲ್ಲಾಗಿದ್ದರೆ ಮೆಣಸಿನ ಪುಡಿಗೆ ತಿಖಟ ಎನ್ನುತ್ತಾರೆಂಬುದು ಅವಳಿಗೆ ಥಟ್ಟನೆ ಹೊಳೆಯುತ್ತಿತ್ತು. ಆದರೆ ಅಂಜಿದ ಕಿವಿಗೆ ತನ್ನ ಮನೆಯ ಮಾತೇ ಕೇಳಿಸುತ್ತದೆ. ಎರಡು ಮುಷ್ಟಿ. ಗೊತ್ತಿದ್ದೇ. ಮಾವನ ಸಲುವಾಗಿ ಒಂದು ಮುಷ್ಟಿ ಹೆಚ್ಚು. ತಾನಾಡಿದ ಒಂದೊಂದು ಮಾತೂ ತಿರುಗಿ ಬಂದು ಎದುರಿಗೆ ನಿಂತಿತು.

"ಪಾಪಡಖಾರ ನಾ ಮುಟ್ಟೇ ಇಲ್ಲ. ಅಪ್ಪನ ಆಣಿ."

ನಿಂಗಣ್ಣ ತಲೆಯಾಡಿಸಿದ. ನಂಬಿದ್ದೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಅವನು ಹೋದ ಮೇಲೆ ಅವಳಿಗೆ ಬಂದ ಯೋಚನೆಗಳನ್ನು ಯಾರಿಗೂ ಹೇಳುವಂತಿರಲಿಲ್ಲ. ಗಲ್ಲಿಗೆ ಹಾಕುವಾಗ ಕಾಲು ಕಟ್ಟುತ್ತಾರೋ ಇಲ್ಲವೋ, ಕಟ್ಟದಿದ್ದರೆ ಸೀರೆ ನಿಲ್ಲುತ್ತದೋ ಇಲ್ಲವೋ, ಕೆಳಗೆ ನಿಂತವರು ಗಂಡಸರೇ ಇರುತ್ತಾರೇನೋ. ಸಾಯುವುದಕ್ಕಿಂತ ಅದೇ ಹೆಚ್ಚಾಗಿ ಕಾಡಿತು. ನಡುನಡುವೆ ಇನ್ನೊಂದು ಅಂಜಿಕೆ ಬರುತ್ತಿತ್ತು. ಅಂದು ಗಡಿಬಿಡಿಯಲ್ಲಿ ಕೈ ತಪ್ಪಿ ಆ ಪುಡಿಕೆಗೆ ಹೋಯಿತೇ? ಇಲ್ಲವೆಂದು ಗೊತ್ತಿತ್ತು. ಆದರೂ ನೂರು ಸಲ ನೆನಪು ಮಾಡಿಕೊಂಡ ಮೇಲೆ ಆ ನೆನಪು ತನ್ನದೇ, ಕಟ್ಟಿಕೊಂಡದ್ದೇ ಎಂಬುದೂ ತಿಳಿಯದಾಯಿತು.

*

ನಿಂಗಣ್ಣ ವಕೀಲರೊಬ್ಬರ ಕಡೆಯಿಂದ ಆ ಇಂಗ್ಲಿಷ್ ವರದಿಯ ನಕಲು ತೆಗೆಸಿಕೊಂಡ. ಆದರೆ ವಕೀಲರಿಗಿಂತ ಮೊದಲು ಅವನಿಗೆ ಬೇರೊಂದು ವಿಷಯ ತಿಳಿಯಬೇಕಿತ್ತು. ತಂಗಿ ಸುಳ್ಳು ಹೇಳುತ್ತಿದ್ದಾಳೋ ಇಲ್ಲವೋ ಎಂಬುದು. ಸೊಲ್ಲಾಪುರದ ಪೇಟೆಯಲ್ಲಿ ಶಾಂತಲಿಂಗಪ್ಪನ ಔಷಧದ ಅಂಗಡಿ ಇತ್ತು. ಮುಂದೆ ಅಳಲೆಕಾಯಿ, ಸೀಗೆಕಾಯಿ, ಪಾಪಡಖಾರದ ಚೀಲಗಳು. ಹಿಂದೆ ಗಾಜಿನ ಕಪಾಟಿನಲ್ಲಿ ಡಾಕ್ಟರರು ತರಿಸುವ ವಿಲಾಯತಿ ಸೀಸೆಗಳು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ನಿಂಗಣ್ಣ ಒಳಗೆ ಹೋದ. ಮನೆಯಿಂದ ತಂದಿದ್ದ ಪಾಪಡಖಾರದ ಪುಡಿಕೆ ಬಿಚ್ಚಿ ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ಇದು ಎಷ್ಟ ತಿಂದ್ರ ಮನಷ್ಯಾ ಸಾಯ್ತಾನ್ರಿ ಶೆಟ್ಟರ?"

ಶಾಂತಲಿಂಗಪ್ಪನ ಕೈ ಸೊಂಟದಲ್ಲಿದ್ದ ಕಪಾಟಿನ ಕೀಲಿಕೈಗೆ ಹೋಯಿತು. ಐವತ್ತರ ಸಮೀಪದ, ತೆಳ್ಳಗಿನ ಮನುಷ್ಯ. ಮ್ಯಾಟ್ರಿಕ್‌ವರೆಗೆ ಓದಿ, ಇಂಗ್ಲಿಷ್ ಔಷಧಿಶಾಸ್ತ್ರದ ದಪ್ಪ ಪುಸ್ತಕವೊಂದನ್ನು ಮೂವತ್ತು ವರ್ಷದಿಂದ ಪುಟ ಪುಟ ಓದಿಕೊಂಡು ಬಂದವನು. "ಯಾರ್ ನೀವು? ಇದನ್ಯಾಕ ಕೇಳ್ತೀರಿ? ಹೊರಗ ನಡೀರಿ ಮೊದಲ," ಎಂದ. ಪುಡಿಕೆಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ.

ನಿಂಗಣ್ಣ ಹೊರಗೆ ಹೋಗಲಿಲ್ಲ. ಅಲ್ಲೇ ಕೂತು ಅಳುತ್ತ ಎಲ್ಲ ಹೇಳಿದ. ನಕಲಿನ ಕಾಗದ ಚಾಚಿದ. ಶಾಂತಲಿಂಗಪ್ಪ ಕನ್ನಡಕ ಏರಿಸಿ ಓದಿದ. ಒಂದು ಕಡೆ ಬೆರಳಿಟ್ಟು ಮತ್ತೆ ಓದಿದ.

"ಇಲ್ಲಿ ಖಾರ ಅಂತ ಎಲ್ಲೈತಿ? ಆಲ್ಕಲಾಯ್ಡ್ ಅಂತ ಅದ."

"ಅಂದ್ರ ಖಾರಲ್ಲೇನ್ರಿ?"

"ಅಲ್ಲ." ಶಾಂತಲಿಂಗಪ್ಪ ಪುಸ್ತಕ ಇಳಿಸಿದ. ಅವನ ಅಂಜಿಕೆ ಸ್ವಲ್ಪ ಹೊತ್ತು ಅವನನ್ನು ಬಿಟ್ಟಿತು. "ಕೇಳ್ರಿ. ಅರಬಸ್ತಾನದ ಮಂದಿ ಉಪ್ಪಿನ ನೆಲದಾಗ ಬೆಳಿಯೋ ಗಿಡಾ ಸುಟ್ಟು ಬೂದಿ ಮಾಡ್ತಿದ್ರು. ಆ ಬೂದಿಗಿ ಅಲ್‌ಖಲೀ ಅಂತಿದ್ರು. ಬಟ್ಟಿ ಒಗ್ಯಾಕ, ಗಾಜ ಮಾಡಾಕ ಅದಽ. ನಮ್ಮ ಸಜ್ಜೀಖಾರ ಅದರ ಜಾತೀದಽ. ಇಂಗ್ಲಿಷರು ಅದನ್ನ ಆಲ್ಕಲಿ ಅಂದ್ರು. ತಿಳೀತಿಲ್ಲೋ?"

"ತಿಳೀತ್ರಿ."

"ನೂರು ವರ್ಷದ ಹಿಂದ ಜರ್ಮನಿಯೊಳಗ ನನ್ನಂಗ ಔಷಧದ ಅಂಗಡಿ ಇಟ್ಟಾವ ಒಬ್ಬ ಇದ್ದ. ಗಿಡದ ಬೇರು, ಬೀಜದಾಗಿಂದ ಒಂದು ನಮೂನಿ ಸತ್ವ ತಗೀತಿದ್ರು. ಅದು ಹುಳಿ ಕೂಡ ಸೇರಿದ್ರ ಉಪ್ಪು ಆಗತಿತ್ತು, ಖಾರ ಆದಂಗ. ಅದಕ್ಕ ಹೆಸರಿರಲಿಲ್ಲ. ಅವ ಏನ ಮಾಡ್ದ, ಆಲ್ಕಲಿಗಿ 'ಆಯ್ಡ್' ಅಂತ ಗ್ರೀಕರ ಬಾಲ ಹಚ್ಚಿದ. ಆಯ್ಡ್ ಅಂದ್ರ 'ಅದರಂಥದ್ದು'. ಖಾರದಂಥದ್ದು. ಖಾರ ಅಲ್ಲ, ಖಾರದಂಥದ್ದು! ಕಾರಕೂನ ಆ ಬಾಲ ಕಡದು ಬರೀ ಖಾರ ಅಂತ ಬರದಾನ. ಅಫೀಮಿನ ಸತ್ವ ಖಾರದಂಥದ್ದು. ಕಾಸರಕದ ಬೀಜದ ಸತ್ವ ಖಾರದಂಥದ್ದು. ಚಹಾದಾಗಿನ ಸತ್ವಾನೂ ಅದಽ. ಮಾವ ಅಪ್ಪನಂಥಾವ ಅಂತೀವಿ, ಹಂಗಂತ ಮಾವ ಅಪ್ಪ ಆಗ್ತಾನೇನು?"

"ಮತ್ತ ಮುದುಕನ ಹೊಟ್ಯಾಗಿದ್ದದ್ದು ಏನ್ರಿ?"

ಶಾಂತಲಿಂಗಪ್ಪ ಕಾಗದದ ಕೆಳಗಿನ ಸಾಲು ತೋರಿಸಿದ. ಆ ಸತ್ವವನ್ನು ಬೆಕ್ಕಿನ ಕಣ್ಣಿಗೆ ಹಾಕಿ ನೋಡಿದಾಗ ಕಣ್ಣಪಾಪೆ ಅಗಲವಾಯಿತು ಎಂದಿತ್ತು ಅಲ್ಲಿ. "ದತ್ತೂರಿ," ಎಂದ. "ಈ ಊರಾಗ ಹಂಗ ಮಾಡೋದು ಅದೊಂದಽ. ಪಾಪಡಖಾರ ಕಣ್ಣಿಗಿ ಬಿದ್ರ ಕಣ್ಣ ಉರೀತಾವ, ಅಷ್ಟಽ."

ನಿಂಗಣ್ಣ ಅವನ ಕಾಲು ಹಿಡಿದ. "ಇದನ್ನ ಸಾಹೇಬ್ರ ಮುಂದ ಬಂದು ಹೇಳ್ರಿ."

ಬಿಟ್ಟುಹೋಗಿದ್ದ ಅಂಜಿಕೆ ಶಾಂತಲಿಂಗಪ್ಪನಿಗೆ ತಿರುಗಿ ಬಂತು. ಎರಡು ವರ್ಷದ ಕೆಳಗೆ ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಇದ್ದಾಗ, ಚಳವಳಿಯವರ ಬಿಳಿ ಟೋಪಿ ಹಾಕಿಕೊಂಡಿದ್ದಾನೆಂದು ಇಂಗ್ಲಿಷ್ ಸೋಜಿರನೊಬ್ಬ ಅವನನ್ನು ಮೇ ತಿಂಗಳ ಬಿಸಿಲಲ್ಲಿ ಗೋಡೆಗೆ ಮುಖ ಮಾಡಿಸಿ ಅರ್ಧ ದಿನ ನಿಲ್ಲಿಸಿದ್ದ. ಬೆನ್ನ ಹಿಂದೆ ಬಂದೂಕಿನ ಕುದುರೆ ಎಳೆದ ಸಪ್ಪಳ ಅವನಿಗೆ ಇಂದಿಗೂ ಕೇಳಿಸುತ್ತಿತ್ತು. ಅಂದಿನಿಂದ ಖಾಕಿ ಕಂಡರೆ ಬೀದಿ ಬದಲಿಸುತ್ತಿದ್ದ. "ನನ್ನ ಕಪಾಟಿನಾಗಽ ಅಂಥಾ ಸೀಸೆ ಅದಾವ," ಎಂದ. "ಕಣ್ಣಿನ ಡಾಕ್ಟರು ಒಯ್ಯೋದು, ದತ್ತೂರಿ ಜಾತೀದಽ. ನೀನಽ ಮಾರಿದಿ ಅಂದ್ರ ಏನ್ ಮಾಡ್ಲಿ? ನನ್ನಿಂದ ಆಗೂದಿಲ್ರಿ. ವಕೀಲರಿಗಿ ಹೇಳ್ರಿ."

ಅಂಗಡಿಯ ಹಿಂದೆಯೇ ಮನೆ. ಪರದೆಯ ಆಚೆ ನಿಂತು ಕೇಳುತ್ತಿದ್ದ ಅವನ ಹೆಂಡತಿ ಸುಮಿತ್ರಾಬಾಯಿ ಹೊರಗೆ ಬಂದಳು. ನಿಂಗಣ್ಣನ ಕೈಗೆ ನೀರಿನ ತಂಬಿಗೆ ಕೊಟ್ಟು ಗಂಡನ ಕಡೆ ತಿರುಗಿದಳು.

"ಕಪಾಟಿನಾಗ ವಿಷಾ ಇಟ್ಟು ಮಾರಾಕ ಅಂಜಿಕಿಲ್ಲ. ಒಂದು ಮಾತಿನ ಅರ್ಥ ಹೇಳಾಕ ಅಂಜಿಕಿ ಏನ್ರಿ?"

"ನಿನಗೇನ ಗೊತ್ತು? ಗ್ವಾಡಿಗಿ ಮಕಾ ಮಾಡಿ ನಿಂತಾವ ನಾನು."

"ಅಂದು ನೀವು ಅರ್ಧ ದಿನ ನಿಂತ್ರಿ. ಆ ಹೆಣ್ಣಮಗಳು ಎಂಟ ದಿನದಿಂದ ನಿಂತಾಳ," ಎಂದಳು ಸುಮಿತ್ರಾಬಾಯಿ. ಇಷ್ಟು ಹೇಳಿ ಒಳಗೆ ಹೋದಳು.

ಶಾಂತಲಿಂಗಪ್ಪ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ವಿಚಾರಣೆ ಯಾವ ದಿನ, ಎಲ್ಲಿ ಎಂದು ಮಾತ್ರ ಕೇಳಿದ.

*

"ಮುದುಕನ ಹೊಟ್ಯಾಗಿದ್ದದ್ದು ದತ್ತೂರಿ ಅಂತ," ಎಂದು ನಿಂಗಣ್ಣ ಸರಳಿನ ಆಚೆಯಿಂದ ಪಿಸುಗುಟ್ಟಿದ. ಈ ಸಲ ಅವನ ಮುಖದಲ್ಲಿ ನಂಬಿಕೆ ಇತ್ತು. "ಭಜ್ಜ್ಯಾಗ ದತ್ತೂರಿ ಹ್ಯಾಂಗ ಬಂತು, ನೆನಪು ಮಾಡ್ಕೋ."

ನೆನಪು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ. ಕೇಳಿದ ಗಳಿಗೆಯೇ ಅವಳ ಕಣ್ಣ ಮುಂದೆ ಬುಟ್ಟಿ ಬಂತು. ಎಳ್ಳಮಾಸಿಯ ಬೆಳಿಗ್ಗೆ ಅತ್ತೆ ಹೊಲದ ಬದುವಿನ ಕಡೆಯಿಂದ ಒಂದು ಬುಟ್ಟಿ ಸೊಪ್ಪು ಹರಿದು ತಂದಿದ್ದಳು. ಸೋಸುವಾಗ ಕೆಲವು ಎಲೆಗಳಿಂದ ಕೆಟ್ಟ ವಾಸನೆ ಬಂತು. "ಅತ್ತೀ, ಇದೇನ್ ಪಲ್ಯ?" ಎಂದು ಕೇಳಿದ್ದಳು. "ಚಕ್ಕೋತ ಪಲ್ಯ ಅಲ್ಲೇನ? ಎಳೀದೈತಿ, ಹಾಕು," ಎಂದಿದ್ದಳು ಗುರಮ್ಮ. ಗುರಮ್ಮನ ಕಣ್ಣಿನಲ್ಲಿ ಪರೆ ಬಂದು ಎರಡು ವರ್ಷವಾಗಿತ್ತು. ಎದುರು ಮಾತಾಡಿದರೆ ಹಬ್ಬದ ದಿನ ರಂಪವಾಗುತ್ತದೆ ಎಂದು ಸಕ್ಕುಬಾಯಿ ಹಾಗೇ ಹೆಚ್ಚಿ ಹಾಕಿದ್ದಳು.

"ಏನರ ನೆನಪಾತೇನ?"

"ಇಲ್ಲ," ಎಂದಳು.

ಅಂದಿನವರೆಗೆ ತನ್ನ ಸಲುವಾಗಿ ಅಂಜಿದ್ದಳು. ಈಗ ಅಂಜಿಕೆ ಎರಡಾಯಿತು. ಈ ಕೋಣೆಯಲ್ಲಿ, ಈ ನೆಲದ ಮೇಲೆ, ಕಣ್ಣು ಕಾಣದ ಗುರಮ್ಮ ಗೋಡೆ ಸವರುತ್ತ ಬಾಗಿಲು ಹುಡುಕುವುದು ಅವಳಿಗೆ ಕಂಡಂತಾಯಿತು. ತನ್ನ ಒಂದು ಮಾತು ಯಾವ ರೂಪ ತಾಳಿತೆಂಬುದನ್ನು ಅವಳು ನೋಡಿದ್ದಳು. ಇನ್ನೊಂದು ಮಾತಾಡಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ. ಅತ್ತೆ ಅವಳಿಗೆ ಪ್ರೀತಿ ತೋರಿಸಿದವಳೇನಲ್ಲ. ಆದರೆ ಹೋದ ವರ್ಷ ಹೊಟ್ಟೆಯಲ್ಲಿದ್ದದ್ದು ಹೋದಾಗ ಒಂಬತ್ತು ದಿನ ಪಕ್ಕದಲ್ಲಿ ಮಲಗಿ ಬೆನ್ನು ನೀವಿದವಳು ಅವಳೇ.

*

ಸಾಹೇಬರ ಮುಕ್ಕಾಂ ಕಂದಲಗಾಂವಕ್ಕೆ ಬದಲಾಗಿತ್ತು. ವಿಚಾರಣೆಯ ದಿನ ಸಕ್ಕುಬಾಯಿಯನ್ನು ಅಲ್ಲಿಗೆ ಕರೆತಂದರು. ಸಿದ್ದಣ್ಣ ತಾಯಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದ. ನಿಂಗಣ್ಣ ಸೊಲ್ಲಾಪುರದ ದಾರಿಯನ್ನೇ ನೋಡುತ್ತ ನಿಂತಿದ್ದ. ಹೊತ್ತು ಏರಿದ ಮೇಲೆ ಒಂದು ಟಾಂಗಾ ಬಂತು. ಶಾಂತಲಿಂಗಪ್ಪ ಇಳಿದ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಸೊಪ್ಪು ಕಟ್ಟಿದ ಗಂಟು. ಖಾಕಿ ಕಂಡರೆ ಬೀದಿ ಬದಲಿಸುತ್ತಿದ್ದವನು ಫೌಜದಾರನ ಮುಂದಿನಿಂದಲೇ ಹಾದು ಡೇರೆಯೊಳಗೆ ಬಂದ.

ಔಷಧದ ಅಂಗಡಿಯವನ ಸಾಕ್ಷಿ ಕೇಳಬೇಕೆಂದು ವಕೀಲರು ಎದ್ದು ಹೇಳಿದರು, ಸಾಹೇಬರು ಒಪ್ಪಿದರು. ಶಾಂತಲಿಂಗಪ್ಪನ ಮೊದಲ ಮಾತು ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಇಂಗ್ಲಿಷಿನಲ್ಲಿ ಹೇಳಿದ. ಆಲ್ಕಲಿ ಬೇರೆ, ಆಲ್ಕಲಾಯ್ಡ್ ಬೇರೆ ಎಂದ.

"ಹೆಸರು ಅದರಿಂದಲೇ ಬಂದದ್ದಲ್ಲವೇ?" ಎಂದು ಸಾಹೇಬರು ಕೇಳಿದರು.

"ಹೆಸರಷ್ಟೇ ಸಾಹೇಬ್. ವಸ್ತು ಅಲ್ಲ."

ಅರಬರ ಬೂದಿಯಿಂದ ಹಿಡಿದು ಜರ್ಮನಿಯ ಅಂಗಡಿಯವನವರೆಗೆ ಎಲ್ಲವನ್ನೂ ಹೇಳಿದ. ಹೇಳುತ್ತ ಹೋದಂತೆ ಧ್ವನಿ ನೆಲೆಗೆ ಬಂತು. ಪೊಲೀಸರು ಹಿಡಿದಿಟ್ಟಿದ್ದ ಪುಡಿಕೆಯಿಂದ ಒಂದು ಚಿಟಿಕೆ ತೆಗೆಸಿ ನಿಂಬೆಹಣ್ಣು ಹಿಂಡಿದ. ಬುಸ್ಸೆಂದು ನೊರೆ ಬಂತು. ಇನ್ನೊಂದು ಚಿಟಿಕೆಯನ್ನು ಸಾಹೇಬರು ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದರು. ಇದನ್ನು ಎರಡು ಮುಷ್ಟಿ ಹಾಕಿದ್ದರೆ ಮುದುಕ ಮೂರು ಸಲ ಹಾಕಿಸಿಕೊಳ್ಳುತ್ತಿದ್ದನೇ ಎಂದು ಶಾಂತಲಿಂಗಪ್ಪ ಕೇಳಿದ. ಬೆಕ್ಕಿನ ಕಣ್ಣಿನ ಸಾಲು ತೋರಿಸಿ, ಹೊಟ್ಟೆಯಲ್ಲಿದ್ದದ್ದು ದತ್ತೂರಿ ಎಂದ. ಸಾಹೇಬರು ಕಾರಕೂನನ ಕಡೆ ತಿರುಗಿ, ಬೆಕ್ಕಿನ ಕಣ್ಣಿನ ಸಾಲು ಮರಾಠಿಯಲ್ಲಿ ಯಾಕಿಲ್ಲ ಎಂದರು. ಬೆಕ್ಕಿಗೂ ಖಟ್ಲೆಗೂ ಸಂಬಂಧವಿಲ್ಲ ಎಂದುಕೊಂಡು ಬಿಟ್ಟೆ ಎಂದ ಕಾರಕೂನ.

ಈ ಸಲ ದುಭಾಷಿಯಾಗಿ ಊರಿನ ಸಾಲಿ ಮಾಸ್ತರನನ್ನು ಕರೆಸಿದರು. "ನೀ ಖಾರ ಹಾಕೀನಿ ಅಂದೀದಿ. ಖಾರ ಅಂದ್ರೇನವ್ವಾ?" ಎಂದು ಅವನು ಕನ್ನಡದಲ್ಲಿ ಕೇಳಿದ.

"ಮೆಣಸಿನಕಾಯಿ ಕುಟ್ಟಿದ್ದರಿ. ಮತ್ತೇನಿರ್ತದ?" ಎಂದಳು ಸಕ್ಕುಬಾಯಿ. ಹಿಂದೆ ಕೂತ ಜನ ನಕ್ಕರು.

ಅವಳಿಗೆ ನಗು ಬರಲಿಲ್ಲ. ಮುಂದಿನದನ್ನು ಅವಳು ಬಲ್ಲಳು. ಫೌಜದಾರನೂ ಬಲ್ಲ. ಅವನು ಎದ್ದು ಹೇಳಿದ: ಖಾರವಲ್ಲ, ದತ್ತೂರಿ, ಆಗಲಿ. ದತ್ತೂರಿಯೂ ವಿಷವೇ. ಅಡುಗೆ ಇವಳದ್ದೇ. ಇವಳು ಮಾತ್ರ ಉಂಡಿಲ್ಲ. ನಗು ನಿಂತಿತು.

"ಭಜ್ಜಿಯ ಸೊಪ್ಪು ತಂದವರು ಯಾರು?" ಎಂದು ಸಾಹೇಬರು ಕೇಳಿಸಿದರು.

ಅವಳು ನೆಲ ನೋಡಿದಳು. "ನೆನಪಿಲ್ರಿ."

"ನೀನೇ ತಂದೆಯಾ?"

"ನೆನಪಿಲ್ರಿ."

"ಸಕ್ಕೂ!" ಎಂದು ನಿಂಗಣ್ಣ ಕೂಗಿದ. ಶಿಪಾಯಿ ಅವನ ಭುಜ ಅದುಮಿ ಕೂರಿಸಿದ. ಶಾಂತಲಿಂಗಪ್ಪ ಬಾಯಿ ತೆರೆದು ಅವಳನ್ನೇ ನೋಡಿದ. ಟಾಕು ಕಾಗದದ ಮೇಲೆ ಕರಕರ ಓಡಿತು.

"ಪಲ್ಯ ನಾ ತಂದೀನ್ರಿ."

ಗುರಮ್ಮ ಎದ್ದು ನಿಂತಿದ್ದಳು. ಸಿದ್ದಣ್ಣ ಸೆರಗು ಹಿಡಿದು ಎಳೆದ. ಅವಳು ಕೂರಲಿಲ್ಲ, ಗಾಳಿಯಲ್ಲಿ ಕೈಯಾಡಿಸುತ್ತ ಮುಂದೆ ಬಂದಳು. "ಚಕ್ಕೋತ ಅಂತ ತಂದೀನಿ. ಆಕಿ ಕೇಳಿದ್ಲು, ಇದೇನ್ ಪಲ್ಯ ಅಂತ. ಚಕ್ಕೋತಽ, ಹಾಕು ಅಂದೀನಿ. ಆಕೀಗಿ ಏನೂ ಅನಬ್ಯಾಡ್ರಿ ಸಾಹೇಬ್ರ."

ಶಾಂತಲಿಂಗಪ್ಪ ಗಂಟು ಬ್ಯಾಂಡೇಜು ಬಿಚ್ಚಿದಂತೆ ಮೆಲ್ಲಗೆ ಬಿಚ್ಚಿದ. ದಾರಿಯ ಹೊಲದಿಂದ ಹರಿದುಕೊಂಡ ಎಳೆ ಚಕ್ಕೋತ ಒಂದು ಹಿಡಿ, ತಿಪ್ಪೆಯ ಪಕ್ಕದಿಂದ ಕಿತ್ತ ಎಳೆ ದತ್ತೂರಿ ಒಂದು ಹಿಡಿ. ಎಳೆ ದತ್ತೂರಿಯನ್ನು ಚಕ್ಕೋತವೆಂದು ಹರಿದು ಕೆಟ್ಟವರ ಸುದ್ದಿ ಅವನಿಗೆ ಮೊದಲೇ ಗೊತ್ತಿದ್ದುದರಿಂದ ಎರಡನ್ನೂ ತಂದಿದ್ದ. ಎಲೆಗಳ ಅಂಚು ಹೆಚ್ಚುಕಡಿಮೆ ಒಂದೇ ತರ. ಎರಡನ್ನೂ ಮೇಜಿನ ಮೇಲಿಟ್ಟು ಸಾಹೇಬರ ಕಡೆ ನೋಡಿದ. ಸಾಹೇಬರು ತಲೆಯಾಡಿಸಿದರು.

"ಎವ್ವಾ, ಇದರಾಗ ಚಕ್ಕೋತ ಯಾವುದು?" ಎಂದು ಮಾಸ್ತರ ಕೇಳಿದ.

ಗುರಮ್ಮ ಬಗ್ಗಿ, ಪರೆ ಬಂದ ಕಣ್ಣನ್ನು ಎಲೆಗೆ ತಾಗುವಷ್ಟು ಹತ್ತಿರ ಒಯ್ದು ನೋಡಿದಳು. ಬೆರಳಿಂದ ಸವರಿದಳು. ಒಂದು ಕಟ್ಟು ಎತ್ತಿ, "ಇದು," ಎಂದಳು.

ಅದು ದತ್ತೂರಿ. ಯಾರೂ ಏನೂ ಹೇಳದಿದ್ದದ್ದರಿಂದಲೇ ಅವಳಿಗೆ ತಿಳಿಯಿತು. ಕಟ್ಟು ಕೈಯಿಂದ ಬಿತ್ತು. "ನಾನಽ ಕೊಂದ್ನೇನಪಾ ಅವರನ್ನ?" ಎಂದು ಮಾಸ್ತರನನ್ನು ಕೇಳಿದಳು. ಅವನು ಅದನ್ನು ಮರಾಠಿಗೆ ಇಳಿಸಲಿಲ್ಲ.

ಇದು ಕೊಲೆಯಲ್ಲ, ಕಣ್ಣು ಕಾಣದವಳ ಕೈತಪ್ಪು ಎಂದು ಸಾಹೇಬರು ಬರೆದರು. ಅತ್ತೆ ಸೊಸೆ ಇಬ್ಬರನ್ನೂ ಬಿಟ್ಟರು.

*

ಹೊರಗೆ ಬಂದ ಮೇಲೆ ನಿಂಗಣ್ಣ ತಂಗಿಯನ್ನು ಅಕ್ಕಲಕೋಟದ ಕಡೆ ಹೊರಡಿಸಿದ. ಅವಳು ಗಾಡಿ ಹತ್ತಿ ಕೂತಳು. ಎದುರಿನ ಗಾಡಿಯಲ್ಲಿ ಗುರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸಿದ್ದಣ್ಣ ತಾಯಿಯ ಕಡೆಯೂ ನೋಡದೆ, ಹೆಂಡತಿಯ ಕಡೆಯೂ ನೋಡದೆ ಎತ್ತಿನ ಹಗ್ಗ ಹಿಡಿದು ನಿಂತಿದ್ದ.

"ತವರಿಗಿ ಹದಿನೈದ ದಿನ ಬಿಟ್ಟು ಬರ್ತೀನಣ್ಣಾ," ಎಂದು ಸಕ್ಕುಬಾಯಿ ಇಳಿದಳು. "ಈಗ ಆಕೀನ್ನ ನೋಡ್ಕೊಳ್ಳಾಕ ಮನ್ಯಾಗ ಯಾರಿಲ್ಲ."

ನಿಂಗಣ್ಣ ಜಗಳವಾಡಿದ. ಅವಳು ಕೇಳಲಿಲ್ಲ. ಶಾಂತಲಿಂಗಪ್ಪನ ಟಾಂಗಾ ಅಷ್ಟರಲ್ಲಿ ಹೊರಟುಹೋಗಿತ್ತು. ಅವನ ಕಾಲು ಮುಟ್ಟುವುದು ಹಾಗೇ ಉಳಿಯಿತು. ಆಮೇಲೆ ಪೊಲೀಸರು ಎರಡು ಸಲ ಅವನ ಕಪಾಟು ನೋಡಲು ಬಂದರೆಂದೂ, ಎರಡು ಸಲವೂ ಸುಮಿತ್ರಾಬಾಯಿ ಪರದೆಯ ಈಚೆಗೆ ಬಂದು ಗಂಡನ ಪಕ್ಕದಲ್ಲಿ ನಿಂತಳೆಂದೂ ನಿಂಗಣ್ಣ ಸುದ್ದಿ ತಂದ.

ಅಂಜಿಕೆ ಕಚೇರಿಯಲ್ಲಿ ಮುಗಿದು ಮನೆಯಲ್ಲಿ ಉಳಿಯಿತು. ಸಿದ್ದಣ್ಣ ಯುಗಾದಿಯವರೆಗೆ ಕಾಕನ ಮನೆಯಲ್ಲಿ ಉಂಡ. ಹೆಂಡತಿ ನೀರು ಕೊಟ್ಟರೆ ತಂಬಿಗೆಯೊಳಗೆ ನೋಡಿ ಕುಡಿಯುತ್ತಿದ್ದ. ನೆರೆಯವರು ಮೊಸರಿನ ಹೆಪ್ಪನ್ನೂ ಈ ಮನೆಯಿಂದ ಒಯ್ಯುವುದು ಬಿಟ್ಟರು. ಗುರಮ್ಮ ಹೊಲದ ಕಡೆ ಹೋಗುವುದನ್ನೇ ಬಿಟ್ಟಳು. ಒಲೆಯ ಹತ್ತಿರ ಬಂದರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಸಕ್ಕುಬಾಯಿ ಒಂದೊಂದು ಎಲೆಯನ್ನೂ ಮೂಸಿ ಮೂಸಿ ಸೋಸುತ್ತಿದ್ದಳು. ಹಾಗಾಗಿ ಅಡುಗೆ ಯಾವಾಗಲೂ ತಡ.

ಕಾಕನ ಮನೆಯಲ್ಲಿ ಸೂತಕವಾಗಿ ಒಲೆ ಹೊತ್ತಿಸದ ದಿನ ಸಿದ್ದಣ್ಣ ಮಧ್ಯಾಹ್ನ ಹಸಿದು ಮನೆಗೆ ಬಂದ. ಬೇರೆಲ್ಲೂ ಹೋಗುವಂತಿರಲಿಲ್ಲ. ಸಕ್ಕುಬಾಯಿ ರೊಟ್ಟಿ, ಬೇಳೆ ಬಡಿಸಿ ದೂರ ಸರಿದು ಕೂತಳು. ಅವನು ತಾಟಿನ ಮುಂದೆ ಕೈ ಕಟ್ಟಿಕೊಂಡು ಕೂತ.

ಗುರಮ್ಮ ಗೋಡೆ ಹಿಡಿದು ಬಂದು ಮಗನ ಪಕ್ಕದಲ್ಲಿ ಕೂತಳು. ಕೈಯಿಂದ ತಾಟು ಹುಡುಕಿ, ರೊಟ್ಟಿ ಮುರಿದು, ಬೇಳೆಯಲ್ಲಿ ನೆನೆಸಿ ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಲ್ಲಿ ನಿಧಾನ ಅಗಿದು ನುಂಗಿದಳು. ಇನ್ನೊಂದು ತುತ್ತು ಹಾಕಿಕೊಂಡಳು.

"ಉಪ್ಪ ಸ್ವಲ್ಪ ಕಮ್ಮಿ ಆಗೈತಿ," ಎಂದಳು.

ಸಕ್ಕುಬಾಯಿ ಉಪ್ಪಿನ ಬಟ್ಟಲು ತಂದಿಟ್ಟಳು. ಸಿದ್ದಣ್ಣ ಒಂದು ಚಿಟಿಕೆ ತೆಗೆದುಕೊಂಡು ಬೇಳೆಗೆ ಉದುರಿಸಿ, ತಲೆ ತಗ್ಗಿಸಿ ಉಣ್ಣತೊಡಗಿದ.